ಬಿಸಿಲಿನ ರೂಢಿ

ಪರೀಕ್ಷೆಗಳು ಮುಗಿದ ಮರುದಿನ ನಮ್ಮ ಊರುಗಳ ಬಯಲುಗಳನ್ನು ನೋಡಬೇಕು. ತಿಂಗಳುಗಟ್ಟಲೆ ಪುಸ್ತಕದ ಮುಂದೆ ತಲೆಬಾಗಿಸಿ ನೆರಳಿನಲ್ಲಿ ಕುಳಿತಿದ್ದ ಹುಡುಗರೆಲ್ಲ ಬೆಳಗಿನ ಹತ್ತು ಗಂಟೆಗೆ ಚೆಂಡು ದಾಂಡುಗಳೊಡನೆ ಅಲ್ಲಿ ನೆರೆದು, ಸೂರ್ಯನು ನೆತ್ತಿಗೇರಿ ಪಶ್ಚಿಮಕ್ಕೆ ವಾಲುವವರೆಗೂ ಆಡುತ್ತಾರೆ. ಊಟದ ನೆನಪಿಲ್ಲ, ನೀರಿನ ನೆನಪಂತೂ ಇಲ್ಲವೇ ಇಲ್ಲ. ಮೂರನೆಯ ದಿನ ಅವರಲ್ಲಿ ಇಬ್ಬರು ಮೂವರು ತಲೆನೋವು, ವಾಂತಿ ಎಂದು ಹಾಸಿಗೆ ಹಿಡಿದಿರುತ್ತಾರೆ. ದೃಷ್ಟಿ ತಾಗಿತೆಂದು ಅಜ್ಜಿಯರು ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಾರೆ. ಉಪ್ಪು ಬೇಕಾಗಿದ್ದುದು ನಿಜ. ಆದರೆ ಅದು ಹೋಗಬೇಕಾಗಿದ್ದುದು ಹುಡುಗನ ಹೊಟ್ಟೆಗೆ, ಒಲೆಗಲ್ಲ.

ಬಿಸಿಲಿನ ನಾಡಿನಲ್ಲಿಯೇ ಹುಟ್ಟಿ ಬೆಳೆದವರಿಗೆ ಬಿಸಿಲಿನ ಪಾಠವೇಕೆ ಎಂದು ಕೇಳುವವರುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ನಾನು ಮಲೆನಾಡಿನವನು. ಉಪಾಧ್ಯಾಯನಾಗಿ ಮೊದಲ ಸಲ ರಾಯಚೂರಿಗೆ ಹೋದದ್ದು ಏಪ್ರಿಲ್ ತಿಂಗಳಲ್ಲಿ. ಎರಡನೆಯ ದಿನವೇ, ಸಂತೆಯಿಂದ ಮನೆಗೆ ನಡೆದು ಬರುವಾಗ ಕಣ್ಣಿಗೆ ಕತ್ತಲೆ ಕವಿದು, ಯಾರದೋ ಮನೆಯ ಕಟ್ಟೆಯ ಮೇಲೆ ಕುಸಿದು ಕುಳಿತೆ. ಆ ಮನೆಯ ವೃದ್ಧ ರೈತರು ಒಂದು ಚೊಂಬು ಮಜ್ಜಿಗೆ ತಂದು ಕೊಟ್ಟು, "ಬಿಸಲಿಗೆ ನಿಮ್ಮ ಗುರ್ತು ಇನ್ನಾ ಆಗಿಲ್ಲ ನೋಡ್ರಿ ಮಾಸ್ತರ್ರ. ಎಂಟ್ಹತ್ತು ದಿನ ತಡೀರಿ" ಎಂದರು. ಅವರು ವಿನೋದಕ್ಕೆ ಹೇಳಿದರೆಂದು ಆಗ ಭಾವಿಸಿದ್ದೆ. ವೈದ್ಯಶಾಸ್ತ್ರವೂ ಅದನ್ನೇ ಹೇಳುತ್ತದೆಂಬುದು ಆಮೇಲೆ ತಿಳಿಯಿತು. ದೇಹವು ಬಿಸಿಲಿಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಅದು ಬೇಗನೆ ಬೆವರಲು ಕಲಿಯುತ್ತದೆ. ಬೆವರಿನೊಡನೆ ಹೊರಹೋಗುವ ಉಪ್ಪಿನ ಅಂಶ ಕಡಿಮೆಯಾಗುತ್ತದೆ. ಹೃದಯದ ಶ್ರಮ ಇಳಿಯುತ್ತದೆ. ಕೆಲವು ವಾರ ಬಿಸಿಲಿನಿಂದ ದೂರವಿದ್ದರೆ ಕಲಿತದ್ದೆಲ್ಲ ಮರೆತೂ ಹೋಗುತ್ತದೆ. ಆದುದರಿಂದ ಹುಟ್ಟೂರಿನ ಹೆಸರನ್ನು ಹೇಳಿ ಬಿಸಿಲನ್ನು ಬೆದರಿಸಲಾಗದು. ಪರೀಕ್ಷೆಯ ಕೋಣೆಯಿಂದ ಹೊರಬಂದ ಹುಡುಗನು ರಾಯಚೂರಿನವನೇ ಆಗಿದ್ದರೂ, ಆ ವಾರದ ಮಟ್ಟಿಗೆ ಅವನು ನನ್ನಂತೆಯೇ ಹೊಸಬ. ಮೊದಲ ಕೆಲವು ದಿನ ಬೆಳಗ್ಗೆ ಮತ್ತು ಸಂಜೆ ಮಾತ್ರ ಆಡಿ, ಆಟದ ಹೊತ್ತನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿಕೊಳ್ಳುವುದು ಜಾಣತನ.

ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ, ಶಾಖವನ್ನು ಹೊರಹಾಕಲು ದೇಹಕ್ಕೆ ಉಳಿಯುವ ಮುಖ್ಯ ಉಪಾಯವೊಂದೇ: ಬೆವರನ್ನು ಆವಿಯಾಗಿಸುವುದು. ಮಣ್ಣಿನ ಗಡಿಗೆಯ ಉಪಾಯವೂ ಇದೇ. ಅದರ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರಿನ ಶಾಖವನ್ನು ಕೊಂಡೊಯ್ಯುತ್ತದೆ. ಕಲಬುರಗಿಯ ಒಣಗಾಳಿಯಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುವ ಗಡಿಗೆಯ ನೀರು ಮಂಗಳೂರಿನ ತೇವದ ಗಾಳಿಯಲ್ಲಿ ಅಷ್ಟು ತಣ್ಣಗಾಗುವುದಿಲ್ಲ. ಮನುಷ್ಯನ ಪಾಡೂ ಹಾಗೆಯೇ. ಭಾರತದ ಹವಾಮಾನ ಇಲಾಖೆಯು ಶಾಖದ ಅಲೆಯನ್ನು ಗುರುತಿಸುವಾಗ, ಗರಿಷ್ಠ ಉಷ್ಣತೆಯು ಬಯಲು ಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕೆಂದು ಇಟ್ಟುಕೊಂಡು, ಕರಾವಳಿಗೆ 37 ಡಿಗ್ರಿಯನ್ನೇ ಸಾಕೆಂದಿರುವುದು ಸುಮ್ಮನೆ ಅಲ್ಲ. ಒಣ ನಾಡಿನಲ್ಲಿ ಬೇರೊಂದು ವಂಚನೆಯುಂಟು. ಅಲ್ಲಿ ಬೆವರು ಹುಟ್ಟಿದೊಡನೆ ಆರಿಹೋಗುತ್ತದೆ. ಅಂಗಿ ಒದ್ದೆಯಾಗದಿರುವುದರಿಂದ, ಮೈಯಿಂದ ಎಷ್ಟು ನೀರು ಹೋಯಿತೆಂಬುದೇ ಅರಿವಿಗೆ ಬರುವುದಿಲ್ಲ.

ಬಾಯಾರಿಕೆಯನ್ನು ನಂಬಿ ಕುಳಿತುಕೊಳ್ಳುವುದೂ ತಪ್ಪು. ಅದು ತಡವಾಗಿ ಬರುವ ದೂತ; ಅದು ಬಂದು ಸುದ್ದಿ ಮುಟ್ಟಿಸುವ ವೇಳೆಗೆ ದೇಹದಲ್ಲಿ ನೀರಿನ ಕೊರತೆ ಆರಂಭವಾಗಿಯೇ ಇರುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲವೆಂದು ಗಾದೆ ಹೇಳಿತೇ ಹೊರತು ನೀರಿನ ಮಾತನ್ನು ಎತ್ತಲಿಲ್ಲ. ಆದರೆ ನಮ್ಮ ಹಿರಿಯರ ಅಡುಗೆಮನೆ ಅದನ್ನು ಮರೆತಿರಲಿಲ್ಲ. ಉಪ್ಪು ಬೆರೆಸಿದ ನೀರುಮಜ್ಜಿಗೆ, ರಾಗಿಯ ಅಥವಾ ಜೋಳದ ಅಂಬಲಿ, ರಾಮನವಮಿಯ ಪಾನಕ, ಸೌತೆಕಾಯಿ ಬೆರೆತ ಕೋಸಂಬರಿ, ಇವೆಲ್ಲವೂ ನೀರನ್ನೂ ಉಪ್ಪನ್ನೂ ಬೆಲ್ಲವನ್ನೂ ರುಚಿಯ ನೆಪದಲ್ಲಿ ಹೊಟ್ಟೆಗೆ ಸೇರಿಸುವ ಮಾರ್ಗಗಳು. ಇಂದು ಇವುಗಳ ಸ್ಥಾನವನ್ನು ನೊರೆಯುಕ್ಕುವ ಸಿಹಿ ಪಾನೀಯಗಳ ಸೀಸೆಗಳು ಆಕ್ರಮಿಸಿವೆ. ಅವುಗಳಲ್ಲಿರುವುದು ಮುಖ್ಯವಾಗಿ ಸಕ್ಕರೆ. ಬೆವರಿನಲ್ಲಿ ಹೋದ ಉಪ್ಪನ್ನು ಅವು ತುಂಬಿಕೊಡಲಾರವು. ವಾಂತಿ ಭೇದಿಗಳಾದಾಗಲಂತೂ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕದಡಿ ಕುಡಿಸುವುದು ಯಾವ ಬಡವನ ಮನೆಯಲ್ಲೂ ಸಾಧ್ಯವಾದ ಚಿಕಿತ್ಸೆ. ಬಿಸಿಲಿನಲ್ಲಿದ್ದವರ ಮೈ ಕೆಂಡದಂತೆ ಸುಟ್ಟು, ಮಾತು ತೊದಲಿ, ಬುದ್ಧಿ ಮಂಕಾದರೆ ಮಾತ್ರ ಮನೆಮದ್ದಿನ ಮಾತು ಬೇಡ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಕೂಡದು.

ಬೇಸಗೆಯಲ್ಲಿ ದಿನಚರಿಯೇ ಬದಲಾಗಬೇಕು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್ ಮೇ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳು ಬೆಳಗಿನ 8 ಗಂಟೆಯಿಂದ ಮಧ್ಯಾಹ್ನ 1-30ರವರೆಗೆ ನಡೆಯುವ ವಾಡಿಕೆ ಬಹಳ ಕಾಲದಿಂದ ಇದೆ. ಒಕ್ಕಲಿಗನು ಇದನ್ನು ಯಾವ ಆಜ್ಞೆಯೂ ಇಲ್ಲದೆ ಪಾಲಿಸುತ್ತ ಬಂದವನು; ನಸುಕಿನಲ್ಲಿ ಹೊಲಕ್ಕೆ ಹೋಗಿ, ಬಿಸಿಲೇರುವ ಮೊದಲೇ ನೇಗಿಲು ಬಿಚ್ಚುತ್ತಾನೆ. ರಜೆಯ ದಿನಗಳಲ್ಲಿ ನಮ್ಮ ಮಕ್ಕಳು ಮಾಡುವುದು ಇದರ ತಲೆಕೆಳಗು. ನಡುರಾತ್ರಿಯವರೆಗೆ ಮೊಬೈಲಿನ ಬೆಳಕಿನಲ್ಲಿ ಕಣ್ಣು ನೆಟ್ಟು, ತಂಪಾದ ಮುಂಜಾವನ್ನು ನಿದ್ರೆಯಲ್ಲಿ ಕಳೆದು, ಬಿಸಿಲು ಬಲಿತ ಮೇಲೆ ಹೊರಬೀಳುತ್ತಾರೆ. ದಿನದ ಅತ್ಯುತ್ತಮವಾದ ಮೂರು ಗಂಟೆಗಳನ್ನು ಹೀಗೆ ಹಾಳುಮಾಡುವುದನ್ನು ಕಂಡಾಗ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು.

ಆದರೆ ಒಳ್ಳೆಯ ರೂಢಿ ಕೇವಲ ವ್ಯಕ್ತಿಯ ಸಂಕಲ್ಪದಿಂದ ಬರುವುದೆಂದು ಬೋಧಿಸುವವರನ್ನು ನಾನು ಒಪ್ಪಲಾರೆ. ಮಧ್ಯಾಹ್ನ ಹೊರಗೆ ಹೋಗಬೇಡಿ ಎನ್ನುತ್ತೇವೆ. ರಸ್ತೆಗೆ ಡಾಂಬರು ಹಾಕುವವನು, ಇಟ್ಟಿಗೆ ಹೊರುವವಳು ಹೋಗದೆ ಹೇಗಿದ್ದಾರು? 2010ರ ಮೇ ತಿಂಗಳಲ್ಲಿ ಅಹಮದಾಬಾದ್ ನಗರದ ಉಷ್ಣತೆ 46.8 ಡಿಗ್ರಿ ಮುಟ್ಟಿತ್ತು. ಆ ಒಂದು ತಿಂಗಳಲ್ಲಿ ಸಾಮಾನ್ಯಕ್ಕಿಂತ 1,344 ಮಂದಿ ಹೆಚ್ಚಾಗಿ ಸತ್ತರೆಂದು ಬಳಿಕ ನಡೆದ ಅಧ್ಯಯನವೊಂದು ಲೆಕ್ಕ ಹಾಕಿತು. ಆ ನಗರವು ಸತ್ತವರ ಅಜಾಗ್ರತೆಯನ್ನು ದೂರಿ ಸುಮ್ಮನಾಗಲಿಲ್ಲ. 2013ರಲ್ಲಿ ಒಂದು ಯೋಜನೆಯನ್ನು ರೂಪಿಸಿ, ಬಿಸಿಲು ಏರುವ ಮುನ್ನವೇ ಜನರನ್ನು ಎಚ್ಚರಿಸುವ, ವೈದ್ಯರಿಗೆ ತರಬೇತಿ ಕೊಡುವ, ಕುಡಿಯುವ ನೀರನ್ನು ಒದಗಿಸುವ ಏರ್ಪಾಡು ಮಾಡಿತು. ನಮ್ಮ ಹಳೆಯ ಅರವಟ್ಟಿಗೆಗಳ ಹಿಂದೆ ಇದ್ದುದೂ ಇದೇ ವಿವೇಕ. ದಾರಿಹೋಕನಿಗೆ ನೀರು ಕುಡಿಯೆಂದು ಅವು ಉಪದೇಶಿಸಲಿಲ್ಲ. ದಾರಿಯಲ್ಲಿ ನೀರನ್ನೇ ಇಟ್ಟವು.

2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳು ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಹೆಸರಾಯಿತು. ನಮ್ಮ ರಾಜ್ಯಕ್ಕೂ ಬಂದಿತು. ನಾನಿದ್ದ ಶಾಲೆಯಲ್ಲಿ ಉತ್ಸಾಹದಿಂದ ಅದನ್ನು ಆರಂಭಿಸಿದೆವು. ಹುಡುಗರು ಗಟಗಟನೆ ಕುಡಿದರು. ಹುಡುಗಿಯರು ಸೀಸೆಯ ಮುಚ್ಚಳ ತೆಗೆದು, ತುಟಿಗೆ ಮುಟ್ಟಿಸಿ, ಮತ್ತೆ ಮುಚ್ಚಿ ಇಟ್ಟರು. ಸಂಜೆ ಆ ಸೀಸೆಗಳು ತುಂಬಿಯೇ ಮನೆಗೆ ಹಿಂದಿರುಗುತ್ತಿದ್ದವು. ನೀರಿನ ಮಹತ್ವವನ್ನು ಕುರಿತು ನಾನು ಎರಡು ಭಾಷಣಗಳನ್ನೂ ಮಾಡಿದೆ. ಇಂದು ನೆನೆದರೆ ನಾಚಿಕೆಯಾಗುತ್ತದೆ. ಕಡೆಗೆ ಒಬ್ಬ ಸಹೋದ್ಯೋಗಿ ಮಹಿಳೆ ಕಾರಣವನ್ನು ತಿಳಿಸಿದರು: ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ, ಒಳಗೆ ನೀರೂ ಬರುತ್ತಿರಲಿಲ್ಲ. ಅವೆರಡನ್ನೂ ಸರಿಪಡಿಸಲು ನಮಗೆ ಒಂದು ವರ್ಷ ಹಿಡಿಯಿತು. ಮರುವರ್ಷದ ಬೇಸಗೆಯಲ್ಲಿ, ಗಂಟೆ ಬಾರಿಸುವುದಕ್ಕೆ ಮೊದಲೇ ಖಾಲಿ ಸೀಸೆಗಳನ್ನು ಹಿಡಿದ ಹುಡುಗಿಯರ ಸಾಲು ನಲ್ಲಿಯ ಮುಂದೆ ನಿಂತಿರುತ್ತಿತ್ತು.