ಮೊದಲು ದೀಪ ಹತ್ತಿದೆಯೇ ನೋಡಿ



ರಾಯದುರ್ಗ, ಮಡಕಶಿರ ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಕಂಪ್ಯೂಟರ್ ಅಂದ್ರೆ ಇಂಗ್ಲಿಷ್ ವಿಷಯ ಸಾರ್, ನಮ್ಮಿಂದಾಗಲ್ಲ." ಎರಡು ಕಂಪ್ಯೂಟರ್‌ಗಳನ್ನು ನೇರ ಕೇಬಲಿನಿಂದ ಜೋಡಿಸಿದರೆ, ಒಂದರಲ್ಲಿಟ್ಟ ಕನ್ನಡ ಪಾಠವನ್ನು ಇನ್ನೊಂದರಲ್ಲಿ ತೆರೆಯಬಹುದು. ಇಂಟರ್‌ನೆಟ್ ಬೇಕಿಲ್ಲ. ದೊಡ್ಡ ಕಚೇರಿಗಳ ಸರ್ವರುಗಳನ್ನು ನೇರವಾಗಿ ಜೋಡಿಸುವಾಗಲೂ ಇದೇ ನಿಯಮ. ಆದರೆ ಜೋಡಣೆ ಕೈಕೊಟ್ಟರೆ, ಪೇಟೆಯಿಂದ ರಿಪೇರಿಯವರು ಬರುವವರೆಗೆ ಬಟ್ಟೆ ಮುಚ್ಚಿ ಇಟ್ಟುಬಿಡುತ್ತೇವೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ದೋಷ ಹುಡುಕಲು ಬೇಕಾದದ್ದು ಒಂದು ಕ್ರಮ. ಅದನ್ನು ಕನ್ನಡದಲ್ಲೇ ಕಲಿಸಬಹುದು.

ಮೊದಲು, ಕೇಬಲ್ ಸಿಕ್ಕಿಸಿದ ಜಾಗದ ಪುಟ್ಟ ದೀಪ ನೋಡಿ. ಹತ್ತಿಲ್ಲವೆಂದರೆ ಸಾಫ್ಟ್‌ವೇರ್ ಮುಟ್ಟಬೇಡಿ. ಆಚೆ ತುದಿಯ ಕಂಪ್ಯೂಟರ್ ಆನ್ ಆಗಿದೆಯೇ ನೋಡಿ, ಕೇಬಲ್ ಬದಲಿಸಿ ನೋಡಿ. ಹಳೆಯ 100 ಎಂಬಿಪಿಎಸ್ ಕಾರ್ಡುಗಳಿಗೆ ಒಂದು ತುದಿಯಲ್ಲಿ 1-3, 2-6 ತಂತಿಗಳು ಅದಲುಬದಲಾದ ಕ್ರಾಸ್‌ಓವರ್ ಕೇಬಲ್ ಬೇಕು. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರಬೇಕಲ್ಲ! ಗಿಗಾಬಿಟ್ ಕಾರ್ಡುಗಳು ಸಾಮಾನ್ಯವಾಗಿ ತಾವೇ ಹೊಂದಿಸಿಕೊಳ್ಳುತ್ತವೆ.

ಎರಡನೆಯದು ವಿಳಾಸ. ನಡುವೆ ರೂಟರ್ ಇಲ್ಲದ್ದರಿಂದ ವಿಳಾಸ ಹಂಚುವವರಿಲ್ಲ. 169.254 ಎಂದು ಶುರುವಾಗುವ ಐಪಿ ವಿಳಾಸ ಕಂಡರೆ ಅದು ಕಂಪ್ಯೂಟರ್ ತಾನೇ ಇಟ್ಟುಕೊಂಡದ್ದು. ನೀವೇ ಒಂದಕ್ಕೆ 192.168.10.1, ಇನ್ನೊಂದಕ್ಕೆ 192.168.10.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0 ಕೊಡಿ. ಗೇಟ್‌ವೇ ಖಾಲಿ ಬಿಡಿ. ಮಕ್ಕಳಿಗೆ "ಒಂದೇ ಬೀದಿ, ಬೇರೆ ಬೇರೆ ಮನೆ ನಂಬರು" ಎಂದರೆ ಸಾಕು.

ಮೂರನೆಯದು ಪಿಂಗ್. ಉತ್ತರ ಬರಲಿಲ್ಲವೆಂದು ಕೂಡಲೇ ಕೇಬಲ್ಲನ್ನು ದೂರಬೇಡಿ. ವಿಂಡೋಸ್‌ನ ಫೈರ್‌ವಾಲ್ ಪಿಂಗನ್ನು ತಡೆಯುವುದುಂಟು. ಅದನ್ನು ಪೂರ್ತಿ ಆಫ್ ಮಾಡದೆ ಪಿಂಗ್ ಮತ್ತು ಫೈಲ್ ಹಂಚಿಕೆಗೆ ಮಾತ್ರ ಅನುಮತಿ ಕೊಡಿ.

ನಾಲ್ಕನೆಯದು, ಪಿಂಗ್‌ಗೆ ಉತ್ತರ ಬಂದೂ ಫೋಲ್ಡರ್ ತೆರೆಯದಿದ್ದರೆ, ಅದನ್ನು ಹಂಚಿದ್ದೇವೆಯೇ, ಪಾಸ್‌ವರ್ಡ್ ಸರಿಯಿದೆಯೇ ನೋಡಿ.

ಇಷ್ಟನ್ನು ಯಾಕೆ ಕನ್ನಡದಲ್ಲೇ ಕಲಿಸಬೇಕು ಅಂತೀರಾ? ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ಮಡಕಶಿರ 2022ರಲ್ಲಿ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿಗೆರೆಗಳು ನಮ್ಮನ್ನು ಕೇಳಿ ಬದಲಾಗುವುದಿಲ್ಲ. ತರಗತಿಯ ಭಾಷೆಯಾದರೂ ನಮ್ಮ ಕೈಯಲ್ಲಿದೆ. ಕಥೆ, ಪದ್ಯಕ್ಕೆ ಮಾತ್ರ ಕನ್ನಡ, ಯಂತ್ರಕ್ಕೆ ಬೇರೆ ಭಾಷೆ ಎಂದು ಮಕ್ಕಳಿಗೆ ಅನ್ನಿಸಿಬಿಟ್ಟರೆ ನಾಳೆ ಕನ್ನಡ ಶಾಲೆಗೆ ಯಾರು ಬರುತ್ತಾರೆ?

ಈ ನಾಲ್ಕು ಹೆಜ್ಜೆಗಳನ್ನು ಚಾರ್ಟಿನ ಮೇಲೆ ಬರೆದು ಗೋಡೆಗೆ ಹಾಕಿ. ಎಂಟನೇ ತರಗತಿ ಮಕ್ಕಳ ಕೈಯಲ್ಲೇ ಮಾಡಿಸಿ. ನೀವೇನಂತೀರಿ?