ಫ್ಯಾನ್ ಬೆಲ್ಟು ಮತ್ತು ‘ಚಲ್ತಾ ಹೈ’

ಹಳೆಯ ಡೀಸೆಲ್ ಕಾರಿನ ಬೆಲ್ಟನ್ನು ತುಂಡಾಗುವ ಮೊದಲೇ ಬದಲಿಸಬೇಕು, ತುಂಡಾದ ಮೇಲಲ್ಲ. ಇಷ್ಟು ಹೇಳೋದಕ್ಕೆ ಒಂದು ಬರಹ ಬೇಕೇ ಅಂತ ನೀವು ಕೇಳಬಹುದು. ಬೇಕು ಸ್ವಾಮಿ! ಯಾಕೆಂದರೆ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ನಿಂತರೆ ನಾಲ್ಕು ಗಾಡಿಗಳಾದರೂ ‘ಕೀಂಯ್...’ ಅಂತ ಕೂಗಿಕೊಂಡೇ ಶುರುವಾಗುತ್ತವೆ. ಮಾಲೀಕರನ್ನು ಕೇಳಿದರೆ ಒಂದೇ ಉತ್ತರ: “ಐದು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಚಲ್ತಾ ಹೈ.”

ನಾನು ಮೆಕ್ಯಾನಿಕ್ ಅಲ್ಲ. ಓದಿದ್ದು ಬಿ.ಕಾಂ., ಹೊಟ್ಟೆಪಾಡು ಬ್ಯಾಂಕಿನಲ್ಲಿ. ಆದರೆ ಮುಂಬಯಿಗೆ ಬಂದು ಮೂವತ್ತು ವರ್ಷವಾಯಿತು. ಊರಿಗೆ ಗಾಡಿಯಲ್ಲೇ ಹೋಗಿ ಬರುವ ಚಟ ಇರುವವನಿಗೆ ಬಾನೆಟ್ ಒಳಗಿನ ಸಂಗತಿ ಅಷ್ಟಿಷ್ಟು ತಿಳಿಯಲೇಬೇಕಾಗುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಗ್ಯಾರೇಜಿನವರು ಈಗಲೂ ಇದನ್ನು ‘ಫ್ಯಾನ್ ಬೆಲ್ಟ್’ ಅನ್ನುತ್ತಾರೆ. ಇಂದಿನ ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗುವುದು ಕರೆಂಟಿನಿಂದ, ಬೆಲ್ಟಿನಿಂದಲ್ಲ. ಕೆಲಸ ಹೋದರೂ ಹೆಸರು ಉಳಿದಿದೆ, ನಿವೃತ್ತ ಮ್ಯಾನೇಜರನ್ನು ಎಲ್ಲರೂ ಮ್ಯಾನೇಜರ್ ಸಾಹೇಬರೇ ಅನ್ನುವಂತೆ! ಈ ಬೆಲ್ಟು ಎಂಜಿನ್ನಿನ ಹೊರಬದಿಯಲ್ಲಿದ್ದು ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಹಲವು ಗಾಡಿಗಳಲ್ಲಿ ವಾಟರ್ ಪಂಪು, ಹೈಡ್ರಾಲಿಕ್ ಪವರ್ ಸ್ಟಿಯರಿಂಗ್ ಇದ್ದರೆ ಅದರ ಪಂಪು, ಇವನ್ನೆಲ್ಲ ತಿರುಗಿಸುತ್ತದೆ. ಟೈಮಿಂಗ್ ಬೆಲ್ಟು ಬೇರೆ, ಅದು ಒಳಗಿರುತ್ತದೆ.

ಈ ಗೊಂದಲದಿಂದ ಆಗುವ ಅನಾಹುತಕ್ಕೆ ಒಳ್ಳೆಯ ಉದಾಹರಣೆ ಸ್ವಿಫ್ಟ್ ಡೀಸೆಲ್. ಅದು ನಮ್ಮಲ್ಲಿ ಬಂದದ್ದು 2007ರಲ್ಲಿ. ಅದರೊಳಗಿನ 1.3 ಲೀಟರ್ ಎಂಜಿನ್ ಫಿಯೆಟ್‌ನವರ ಮಲ್ಟಿಜೆಟ್. ಅದೇ ಎಂಜಿನ್ ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೋ, ಹೀಗೆ ಹಲವು ಕಾರುಗಳ ಹೊಟ್ಟೆ ಸೇರಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಅಂದರೆ ಈಗ ರಸ್ತೆಯಲ್ಲಿರುವ ಯಾವ ಸ್ವಿಫ್ಟ್ ಡೀಸೆಲ್ಲೂ ಹೊಸದಲ್ಲ. ಈ ಎಂಜಿನ್ನಿನಲ್ಲಿ ಟೈಮಿಂಗಿಗೆ ಬೆಲ್ಟ್ ಇಲ್ಲ, ಚೈನ್ ಇದೆ. “ನಮ್ಮದು ಚೈನ್ ಎಂಜಿನ್ ಕಣ್ರೀ, ಬೆಲ್ಟಿನ ಗೊಡವೆಯೇ ಇಲ್ಲ” ಅಂತ ಎಷ್ಟು ಜನ ಹೆಮ್ಮೆಯಿಂದ ಹೇಳಿಲ್ಲ! ಆದರೆ ಎಂಜಿನ್ ತಣ್ಣಗಿಡುವ ವಾಟರ್ ಪಂಪನ್ನು ತಿರುಗಿಸುವುದು ಇದೇ ಹೊರಗಿನ ಬೆಲ್ಟು. ಅದು ತುಂಡಾದರೆ ಎಸಿ ನಿಲ್ಲುತ್ತದೆ, ಬ್ಯಾಟರಿ ದೀಪ ಹತ್ತುತ್ತದೆ, ಜೊತೆಗೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕುದಿಯತೊಡಗುತ್ತದೆ. ಅಲ್ಲೇ ನಿಲ್ಲಿಸದೆ ‘ಮುಂದಿನ ಪೆಟ್ರೋಲ್ ಪಂಪಿನವರೆಗೆ’ ಅಂತ ಎಳೆದರೆ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತಲೇ ಲೆಕ್ಕ.

ಇನ್ನೂ ಹಳೆಯ ಡೀಸೆಲ್ ಗಾಡಿಗಳದ್ದು ಇದಕ್ಕಿಂತ ಗಂಭೀರ ಕತೆ. ಪೆಟ್ರೋಲ್ ಎಂಜಿನ್ನಿನಲ್ಲಿ ಬ್ರೇಕ್ ಹಗುರವಾಗಲು ಬೇಕಾದ ವ್ಯಾಕ್ಯೂಮ್ ಎಂಜಿನ್ನೇ ಕೊಡುತ್ತದೆ. ಡೀಸೆಲ್‌ಗೆ ಆ ಅನುಕೂಲವಿಲ್ಲ, ಪ್ರತ್ಯೇಕ ವ್ಯಾಕ್ಯೂಮ್ ಪಂಪು ಬೇಕು. ಹಲವು ಹಳೆಯ ಡೀಸೆಲ್‌ಗಳಲ್ಲಿ ಆ ಪಂಪು ಆಲ್ಟರ್ನೇಟರ್‌ನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಬೆಲ್ಟು ಹೋದರೆ ಆಲ್ಟರ್ನೇಟರ್ ನಿಂತಿತು, ಅದರ ಜೊತೆ ಪಂಪೂ ನಿಂತಿತು. ಒಂದೆರಡು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಬ್ರೇಕ್ ಪೂರ್ತಿ ಹೋಗುವುದಿಲ್ಲ, ಆದರೆ ಕಾಲಿನ ಬಲವನ್ನೆಲ್ಲ ಹಾಕಬೇಕು. ಘಾಟಿ ಇಳಿಯುವಾಗ ಹಿಂದೆ ಲಾರಿ, ಮುಂದೆ ತಿರುವು ಇರುವಾಗ ಇದಾದರೆ? ನಿಮ್ಮ ಗಾಡಿಯ ವ್ಯಾಕ್ಯೂಮ್ ಪಂಪು ಎಲ್ಲಿದೆ ಅಂತ ಒಮ್ಮೆ ಕೇಳಿ ತಿಳಿದುಕೊಳ್ಳಿ. ಉತ್ತರ ‘ಆಲ್ಟರ್ನೇಟರ್ ಹಿಂದೆ’ ಎಂದಾದರೆ ನಿಮ್ಮ ಬೆಲ್ಟು ಬ್ರೇಕಿನ ಭಾಗವೇ ಅಂತ ತಿಳಿಯಿರಿ.

ನಮ್ಮ ಸೊಸೈಟಿಯಲ್ಲೇ ಇರುವ ಹುಬ್ಬಳ್ಳಿ ಕಡೆಯ ಒಬ್ಬರಿಗೆ 2022ರ ದೀಪಾವಳಿಯಲ್ಲಿ ಆದದ್ದು ಇದು. ಹೊರಡುವ ವಾರದ ಹಿಂದೆ ಸರ್ವಿಸ್ ಮಾಡಿಸಿದ್ದರು. ಬಿಲ್ಲಿನಲ್ಲಿ ಪಾಲಿಶ್ ಇತ್ತು, ಎಸಿ ಕ್ಲೀನಿಂಗ್ ಇತ್ತು, ವೈಪರ್ ಬ್ಲೇಡ್ ಇತ್ತು. ಬೆಲ್ಟು ಕೂಗುತ್ತದೆ ಅಂದದ್ದಕ್ಕೆ ಏನೋ ಸ್ಪ್ರೇ ಹೊಡೆದು ಕಳಿಸಿದ್ದರು. ಸದ್ದು ನಿಂತಿತ್ತು, ನಿಜ. ಪುಣೆ ದಾಟಿ ಖಂಬಾಟ್ಕಿ ಘಾಟಿ ಏರುವಾಗ ಬೆಲ್ಟು ತುಂಡಾಯಿತು. ಗಾಡಿಯಲ್ಲಿ ಎಂಬತ್ತರ ತಾಯಿ, ಎರಡು ಮಕ್ಕಳು. ರಾತ್ರಿ ಹನ್ನೊಂದರಿಂದ ಬೆಳಗಿನ ತನಕ ರಸ್ತೆ ಬದಿಯಲ್ಲಿ. ಆ ಸ್ಪ್ರೇ ಮಾಡಿದ್ದು ಇಷ್ಟೇ: ಎಚ್ಚರಿಕೆಯ ಗಂಟೆಯ ನಾಲಗೆ ಕಿತ್ತು ಹಾಕಿದ್ದು.

ಬ್ಯಾಂಕಿನವನಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸಾಲ 90 ದಿನ ಬಾಕಿಯಾದರೆ ಎನ್‌ಪಿಎ. ಆದರೆ ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂರಬೇಡಿ ಅಂತ ರಿಸರ್ವ್ ಬ್ಯಾಂಕ್ 2014ರಲ್ಲಿ ಎಸ್‌ಎಂಎ ಎಂಬ ವರ್ಗಗಳನ್ನು ತಂದಿತು. 30 ದಿನದೊಳಗೆ ಒಂದು, 60ರೊಳಗೆ ಇನ್ನೊಂದು, 90ರೊಳಗೆ ಮತ್ತೊಂದು. ಬೆಳಗಿನ ಆ ‘ಕೀಂಯ್’ ಅನ್ನುವುದು ಬೆಲ್ಟಿನ ಎಸ್‌ಎಂಎ. ಅದನ್ನು ಮುಚ್ಚಿಟ್ಟ ಬ್ರ್ಯಾಂಚ್ ಮ್ಯಾನೇಜರಿಗೂ, ಸ್ಪ್ರೇ ಹೊಡೆದ ಗ್ಯಾರೇಜಿಗೂ ಏನು ವ್ಯತ್ಯಾಸ ಹೇಳಿ?

“ಇನ್ನೂ ಅರವತ್ತು ಸಾವಿರ ಕಿಲೋಮೀಟರೂ ಆಗಿಲ್ಲವಲ್ಲ” ಅನ್ನುವವರಿದ್ದಾರೆ. ಇಲ್ಲೇ ನಮ್ಮಂಥ ವಲಸಿಗರು ಎಡವುವುದು. ಆಫೀಸಿಗೆ ಲೋಕಲ್ ಟ್ರೇನು, ಗಾಡಿ ಭಾನುವಾರಕ್ಕೆ ಮತ್ತು ಊರಿಗೆ. ಹದಿಮೂರು ವರ್ಷದ ಗಾಡಿಯ ಮೀಟರು ಚಿಕ್ಕ ಮಗುವಿನಂತೆ ಕಾಣುತ್ತದೆ. ಆದರೆ ರಬ್ಬರು ಕಿಲೋಮೀಟರ್ ಮಾತ್ರ ಎಣಿಸುವುದಿಲ್ಲ, ವರ್ಷವನ್ನೂ ಎಣಿಸುತ್ತದೆ. ಎಂಜಿನ್ನಿನ ಬಿಸಿ, ಮಳೆಗಾಲದ ಕೆಸರು, ಸೋರಿದ ಆಯಿಲ್ ಎಲ್ಲವೂ ಅದನ್ನು ತಿನ್ನುತ್ತವೆ. ಆದ್ದರಿಂದ ಕೈಪಿಡಿಯಲ್ಲಿ ಕಿಲೋಮೀಟರ್ ಮತ್ತು ವರ್ಷ ಎರಡೂ ಇದ್ದರೆ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ.

“ನೋಡಿದೆ, ಬಿರುಕು ಇಲ್ಲ” ಅನ್ನುವುದೂ ಪೂರ್ತಿ ಸಮಾಧಾನವಲ್ಲ. ಹಿಂದಿನ ನಿಯೋಪ್ರೀನ್ ಬೆಲ್ಟುಗಳು ಮುಪ್ಪಾದಂತೆ ಬಿರುಕು ಬಿಡುತ್ತಿದ್ದವು, ಕಣ್ಣಿಗೆ ಕಾಣುತ್ತಿತ್ತು. ಈಗಿನ ಇಪಿಡಿಎಂ ರಬ್ಬರಿನವು ಅಷ್ಟು ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಟೈರಿನಂತೆ ಸವೆಯುತ್ತವೆ. ಉದ್ದಕ್ಕಿರುವ ಗೆರೆಗಳ ನಡುವಿನ ಕಣಿವೆ ಅಗಲವಾಗುತ್ತ ಹೋಗಿ ಬೆಲ್ಟು ಜಾರತೊಡಗುತ್ತದೆ. ನೋಡಲು ಚೆಂದ, ಒಳಗೆ ಪೊಳ್ಳು.

ಇನ್ನೊಂದು ಮಾತು. ಬೆಲ್ಟು ಮಾತ್ರ ಬದಲಿಸಿ ಉಳಿತಾಯ ಮಾಡಿದೆವು ಅಂದುಕೊಳ್ಳಬೇಡಿ. ಬೆಲ್ಟು ತೆಗೆದಾಗ ಟೆನ್ಷನರ್ ಮತ್ತು ಐಡ್ಲರ್ ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿ ನೋಡಲು ಹೇಳಿ. ಗರಗರ ಅಂದರೆ, ಅಲುಗಾಡಿದರೆ ಬೇರಿಂಗ್ ಮುಗಿದಿದೆ. ವಾಟರ್ ಪಂಪು, ಆಲ್ಟರ್ನೇಟರ್ ಪುಲ್ಲಿಗಳೂ ಅಷ್ಟೇ. ಆಯಿಲ್ ಸೋರಿಕೆ ಇದ್ದರೆ ಮೊದಲು ಅದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಹೊಸ ಬೆಲ್ಟೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಬೆಲ್ಟಿನ ಮೇಲೆ 6ಪಿಕೆ ಅಂತ ಬರೆದು ಮುಂದೆ ಒಂದು ಸಂಖ್ಯೆ ಇರುತ್ತದೆ. 6 ಅಂದರೆ ಆರು ಗೆರೆ, ಮುಂದಿನದು ಮಿಲಿಮೀಟರಿನಲ್ಲಿ ಉದ್ದ. ಹಳೆಯದು, ಹೊಸದು ಎರಡನ್ನೂ ಕಣ್ಣೆದುರೇ ತಾಳೆ ನೋಡಿ. ‘ಹತ್ತಿರದ ಸೈಜು’ ಅನ್ನುವವನಿಂದ ದೂರವಿರಿ. ಬಿಚ್ಚುವ ಮೊದಲು ಬೆಲ್ಟು ಯಾವ ಪುಲ್ಲಿಯ ಮೇಲೆ ಹೇಗೆ ಹೋಗಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ತೆಗೆದ ಬೆಲ್ಟು ತೀರಾ ಹಾಳಾಗಿರದಿದ್ದರೆ ಡಿಕ್ಕಿಯಲ್ಲಿರಲಿ, ದಾರಿಯಲ್ಲಿ ಬೇಕಾದೀತು. ನೀವೇ ಬಗ್ಗಿ ನೋಡುವುದಾದರೆ ಎಂಜಿನ್ ಆಫ್ ಇರಲಿ, ಕೀಲಿ ಜೇಬಿನಲ್ಲಿರಲಿ.

“ಇನ್ನೆರಡು ವರ್ಷದಲ್ಲಿ ಮಾರುವ ಗಾಡಿಗೆ ಖರ್ಚು ಯಾಕೆ?” ಈ ಪ್ರಶ್ನೆಯಲ್ಲಿ ತರ್ಕವಿದೆ, ಒಪ್ಪುತ್ತೇನೆ. ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್‌ಗೆ ಈ ಲೆಕ್ಕ ಹಾಕಿ, ತಪ್ಪಿಲ್ಲ. ಆದರೆ ಗಾಡಿಯ ಬೆಲೆ ಸವಕಳಿಯಾದಷ್ಟೂ ಒಳಗೆ ಕೂರುವವರ ಬೆಲೆ ಕಡಿಮೆಯಾಗುವುದಿಲ್ಲ. ಬೆಲ್ಟಿನ ಬೆಲೆ ಹೆಚ್ಚೆಂದರೆ ಮನೆಯವರೆಲ್ಲ ಒಂದು ಹೊತ್ತು ಹೋಟೆಲಿನಲ್ಲಿ ಉಂಡಷ್ಟು. ಬೇರಿಂಗ್, ಮಜೂರಿ ಸೇರಿದರೂ ಎಂಜಿನ್ ರಿಪೇರಿಯ ಮುಂದೆ ಅದು ಚಿಲ್ಲರೆ.

ಗ್ಯಾರೇಜಿನವರನ್ನು ಮಾತ್ರ ಬೈದರೆ ಪ್ರಯೋಜನವಿಲ್ಲ. ನಾವು ಕೇಳಿದ್ದನ್ನು ಅವರು ಮಾಡುತ್ತಾರೆ, ಹೊಳಪು ಕೇಳಿದರೆ ಹೊಳಪು ಕೊಡುತ್ತಾರೆ. ಗಣೇಶ ಹಬ್ಬಕ್ಕೋ ದೀಪಾವಳಿಗೋ ಊರಿಗೆ ಹೊರಡುವ ಮುಂಚಿನ ಸರ್ವಿಸ್‌ನಲ್ಲಿ ಜಾಬ್ ಕಾರ್ಡಿನ ಮೇಲೆ ಒಂದು ಸಾಲು ಬರೆಸಿ: ‘ಬೆಲ್ಟ್ ಮತ್ತು ಟೆನ್ಷನರ್ ಪರಿಶೀಲನೆ’. ಬರೆದದ್ದಕ್ಕೆ ಅವರು ಸಹಿ ಹಾಕಬೇಕಾಗುತ್ತದೆ, ಬಾಯಿಮಾತಿಗೆ ಅದಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಲಿಸಿದ ಪಾಠ ಇದು. ಏನಂತೀರಿ?