ಕಪ್ಪುಕುಳಿ ಅಂದ್ರೆ ಬರೀ ನುಂಗೋ ರಾಕ್ಷಸನಾ?

ಮೊನ್ನೆ ಟಿವಿಯಲ್ಲಿ ಮತ್ತದೇ ಕಥೆ. ಕೆಂಪು ಅಕ್ಷರ, ಢಂ ಢಂ ಸಂಗೀತ, ಭೂಮಿಯನ್ನು ನುಂಗಲಿದೆಯಾ ಕಪ್ಪುಕುಳಿ?! ಜೊತೆಗೊಬ್ಬ ಜ್ಯೋತಿಷಿ ಬೇರೆ. ಪಕ್ಕದ ಮನೆ ಹುಡುಗಿ ಓಡಿ ಬಂದು "ಅಂಕಲ್, ನಾವೆಲ್ಲ ಹೋಗ್ಬಿಡ್ತೀವಾ?" ಅಂದಳು. ಅವಳಿಗೆ ಓದೋಕೆ ಕೊಡೋಣ ಅಂತ ಕನ್ನಡದಲ್ಲಿ ಹುಡುಕಿದೆ. ಟಿವಿಯವರನ್ನು ಬೈದು ಪ್ರಯೋಜನ ಇಲ್ಲ ಬಿಡಿ, ನನ್ನ ಜಗಳ ನಮ್ಮಂಥ ಬ್ಲಾಗಿಗರ ಜೊತೆ. ನಾವೂ ಅಷ್ಟೇ... ಬೆಳಕೂ ತಪ್ಪಿಸಿಕೊಳ್ಳಲಾರದು ಅಂತ ಒಂದು ಸಾಲು ಬರೆದು, ಬೆರಗಾಗಿ, ಮುಗಿಸ್ತೀವಿ.

ಒಳಗೆ ಹೋದ ಬೆಳಕು ಬರಲ್ಲ, ನಿಜ. ಹೋಗೋ ಮುಂಚೆ? ಗೆಲಾಕ್ಸಿಗಳ ನಡುವೆ ಸೂರ್ಯನ ಲಕ್ಷ, ಕೋಟಿ ಪಟ್ಟು ತೂಕದ ಕಪ್ಪುಕುಳಿ ಕೂತಿರುತ್ತೆ. ಅದರತ್ತ ಬರೋ ಅನಿಲ ನೆಟ್ಟಗೆ ಬೀಳಲ್ಲ. ಸುತ್ತುತ್ತಾ ತಟ್ಟೆಯಂತಾಗಿ, ತಿಕ್ಕಾಟಕ್ಕೆ ಕಾದು ಹೊಳೆಯುತ್ತೆ. ಸೂರ್ಯನೊಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ಶಕ್ತಿಯಾಗೋದು ದ್ರವ್ಯರಾಶಿಯ ಶೇ. 0.7 ಮಾತ್ರ. ಇಲ್ಲಿ ಸುಮಾರು ಶೇ. 6, ಕುಳಿ ರಭಸವಾಗಿ ತಿರುಗುತ್ತಿದ್ದರೆ ಶೇ. 40ರ ತನಕವೂ ಸಾಧ್ಯ. ತಟ್ಟೆ ಹೆಚ್ಚಾಗಿ ಕೊಡೋದು ಅತಿನೇರಳೆ ಬೆಳಕು. ಅದು ಹತ್ತಿರದಲ್ಲೇ ಇರೋ, ನೂರು ಕೋಟಿ ಡಿಗ್ರಿ ಆಸುಪಾಸಿನ ಎಲೆಕ್ಟ್ರಾನ್ ಮೋಡಕ್ಕೆ ಬಡಿದು, ಶಕ್ತಿ ಪಡೆದು, ಎಕ್ಸ್-ರೇ ಆಗಿ ಹೊರಡುತ್ತೆ. ಒಂದಷ್ಟು ವಾಪಸ್ ತಟ್ಟೆಗೇ ಬಿದ್ದು ಅಲ್ಲಿನ ಕಬ್ಬಿಣದಿಂದ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗೆರೆ ಎಬ್ಬಿಸುತ್ತೆ. ಜಪಾನಿನ ಆಸ್ಕಾ ಉಪಗ್ರಹ ನೋಡಿದಾಗ (1995ರಲ್ಲಿ ಪ್ರಕಟವಾಯ್ತು) ಆ ಗೆರೆ ಅಗಲವಾಗಿ, ಕಡಿಮೆ ಶಕ್ತಿಯ ಕಡೆಗೆ ಎಳೆದಂತಿತ್ತು. ಗುರುತ್ವ ಬೆಳಕನ್ನು ಜಗ್ಗಿದ ಗುರುತು ಅದು! ನುಂಗಾಟಕ್ಕಿಂತ ಇದು ಸ್ವಾರಸ್ಯ ಅಲ್ವಾ?

ಇದೆಲ್ಲ ಹೊರದೇಶದವರ ಕೆಲಸ ಅಂದ್ಕೊಂಡ್ರಾ? ನಾನಿರೋದು ಜಾಲಹಳ್ಳಿ. ತುಮಕೂರು ರಸ್ತೆ ದಾಟಿದರೆ ಪೀಣ್ಯ, ಲೇತ್ ಶೆಡ್‌ಗಳ ನಡುವೆಯೇ ಇಸ್ರೋದ ಇಸ್ಟ್ರಾಕ್. ಎಕ್ಸ್-ರೇ ನಮ್ಮ ವಾತಾವರಣ ದಾಟಲ್ಲ, ಮೇಲಿಂದಲೇ ನೋಡಬೇಕು. 2015ರ ಸೆಪ್ಟೆಂಬರ್ 28ರಂದು ಹಾರಿದ ಅಸ್ಟ್ರೋಸ್ಯಾಟ್‌ಗೆ ಆಜ್ಞೆ ಹೋಗಿದ್ದು ಈ ಪೀಣ್ಯದಿಂದ. ಒಂದೇ ಗೆಲಾಕ್ಸಿಯ ಅತಿನೇರಳೆ, ಎಕ್ಸ್-ರೇ ಎರಡನ್ನೂ, ಅಂದ್ರೆ ತಟ್ಟೆಯನ್ನೂ ಮೋಡವನ್ನೂ, ಒಂದೇ ಹೊತ್ತಿಗೆ ನೋಡೋಕೆ ಅಂತಲೇ ಮಾಡಿದ್ದು. ಅತಿನೇರಳೆ ದೂರದರ್ಶಕದ ಮುಂದಾಳತ್ವ ಕೋರಮಂಗಲದ ಖಭೌತ ಸಂಸ್ಥೆಯದು.

ರಾಕೆಟ್ ಹಾರಿದ ದಿನ ಎಲ್ಲರೂ ಎದೆಯುಬ್ಬಿಸಿ ಬರೆದ್ವಿ. ಆಮೇಲೆ ಅದು ಏನು ನೋಡಿತು ಅಂತ ಎಷ್ಟು ಜನ ಬರೆದ್ವಿ ಸ್ವಾಮಿ? ನಾನೂ ಬರೀಲಿಲ್ಲ, ಒಪ್ಕೋತೀನಿ. ಕನ್ನಡದಲ್ಲಿ ಪದ ಇಲ್ಲ ಅನ್ನೋ ನೆಪ ಮಾತ್ರ ಬೇಡ. ತಟ್ಟೆ, ಮೋಡ, ಗೆರೆ... ಮೇಲೆ ಹೇಳಿದ್ದು ಇಷ್ಟರಲ್ಲೇ. ಇದನ್ನೇ ಪ್ರಿಂಟ್ ತೆಗೆದು ಆ ಹುಡುಗಿಗೆ ಕೊಟ್ಟಿದ್ದೀನಿ. ಎರಡು ಕಡೆ ಪೆನ್ಸಿಲ್‌ನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ವಾಪಸ್ ಕಳಿಸಿದ್ದಾಳೆ :-)